ಏಟು ತಿಂದವನ ಸಹಿ

ಅಡಿವೆಪ್ಪ ಮಾಸ್ತರರು ನಾಟಕದಲ್ಲಿ ಹೊಡೆದಾಡುವುದನ್ನು ಕಲಿಸುತ್ತಿದ್ದರು. ನಗಬೇಡಿ. ಹೊಡೆದಾಡುವುದನ್ನೂ ಕಲಿಸಬೇಕೇ, ಅದು ತೊಟ್ಟಿಲ ಕೂಸಿಗೂ ಬರುತ್ತದಲ್ಲ ಎನ್ನುತ್ತೀರಿ. ನಿಜವಾಗಿ ಹೊಡೆಯುವುದು ಎಲ್ಲರಿಗೂ ಬರುತ್ತದೆ, ಒಪ್ಪಿದೆ. ಹೊಡೆಯದೆ ಹೊಡೆದಂತೆ ತೋರಿಸುವುದು ನೂರಕ್ಕೆ ಒಬ್ಬನಿಗೆ ಬರುತ್ತದೆ. ಕತ್ತಿ ಬೀಸಿದರೆ ಮುಂದಿನ ಸಾಲಿನ ಮುದುಕಿ ಬಾಯಿಗೆ ಸೆರಗು ಹಚ್ಚಬೇಕು, ಬಿದ್ದವನ ಮೈಮೇಲೆ ಮಾತ್ರ ಒಂದು ಗೀರೂ ಇರಬಾರದು. ಅದು ವಿದ್ಯೆ.

ಆ ವಿದ್ಯೆಗೆ ಮಾಸ್ತರರು ಒಂದೇ ಸೂತ್ರ ಹೇಳುತ್ತಿದ್ದರು. "ಏಟು ಹೊಡಿಯಾಂವಂದಲ್ಲ, ತಿನ್ನಾಂವಂದು. ಅಂವ ಹೂಂ ಅನ್ನೋತನಕ ನಿನ್ನ ಕೈ ನಿಂದಲ್ಲ."

ಹೂಂ ಎಂದರೆ ಬಾಯಲ್ಲಿ ಅನ್ನುವುದಲ್ಲ. ಏಟು ತಿನ್ನುವವನು ತನ್ನ ಹಿಮ್ಮಡಿಯಿಂದ ರಂಗದ ಹಲಗೆಯನ್ನು ಎರಡು ಸಲ ಬಡಿಯಬೇಕು. ತಬಲಾ, ಹಾರ್ಮೋನಿಯಂ ಗದ್ದಲದಲ್ಲಿ ಪ್ರೇಕ್ಷಕರಿಗೆ ಅದು ಕೇಳುವುದಿಲ್ಲ. ಎದುರಿಗೆ ಬರಿಗಾಲಲ್ಲಿ ನಿಂತವನ ಅಂಗಾಲಿಗೆ ಮಾತ್ರ ಅದು ತಿಳಿಯುತ್ತದೆ. ಹಲಗೆ ಎರಡು ಸಲ ನಡುಗಿತೆಂದರೆ, ನಾನು ಸಿದ್ಧ, ಬಗ್ಗುತ್ತೇನೆ, ಬೀಸು ಎಂದರ್ಥ. ನಡುಗಲಿಲ್ಲವೋ, ಎತ್ತಿದ ಕತ್ತಿ ಎತ್ತಿದಲ್ಲೇ ಇರಬೇಕು.

ಆ ಸೀಮೆಯ ನಾಟಕ ಕಂಪನಿಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದವು. ಪ್ರಮಾಣಪತ್ರವಿಲ್ಲದವನು ಯಾವ ಕಂಪನಿಯಲ್ಲೂ ಕಾಳಗ ಕಲಿಸುವಂತಿಲ್ಲ ಎಂದು ಸಂಘ ನಿಯಮ ಮಾಡಿತ್ತು. ಪತ್ರದ ಕೆಳಗೆ ಮೂರು ಗೆರೆ. ಒಂದರ ಮೇಲೆ ಸಂಘದ ಅಧ್ಯಕ್ಷರ ಸಹಿ, ಇನ್ನೊಂದರ ಮೇಲೆ ಗುರುವಿನ ಸಹಿ. ಮೂರನೆಯ ಗೆರೆ ಅಡಿವೆಪ್ಪ ಮಾಸ್ತರರು ಹಟ ಹಿಡಿದು ಸೇರಿಸಿದ್ದು. ಕಲಿಯುವಾಗ ಎದುರು ನಿಂತು ಅಷ್ಟೂ ವರ್ಷ ಏಟು ತಿಂದ ಜೋಡಿಗಾರನ ಸಹಿ ಅಲ್ಲಿ ಬೀಳಬೇಕು. "ಇವನ ಕೈಯಾಗ ನನ್ನ ಮೈ ಸುರಕ್ಷಿತ ಐತಿ ಅಂತ ಅಂವ ಹೇಳಬೇಕು. ನಾವ್ಯಾರು ಹೇಳಾಕ?" ಎನ್ನುತ್ತಿದ್ದರು. ಆವರೆಗೆ ಅವರ ಆರು ಮಂದಿ ಶಿಷ್ಯರಿಗೆ ಪತ್ರ ಸಿಕ್ಕಿತ್ತು.

ಏಳನೆಯವನು ನಿರುಪಾದಿ.

ಇವನ ಅಪ್ಪ ಒಂದು ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಮಗನಿಗೆ ತನ್ನ ಹೆಸರೇ ಮರೆಯುವಷ್ಟು ಸಲ ಜನ ಅವನನ್ನು "ಲೇ ಪರದ್ಯಾ" ಎಂದು ಕರೆದಿದ್ದರು. ಬಣ್ಣ ಹಚ್ಚಿ ಅರಸನಾಗಿ ನಿಂತಾಗಲೂ ಒಳಗಿನಿಂದ ಯಾರೋ "ಪರದ್ಯಾ, ಮೀಸಿ ನೆಟ್ಟಗ ಮಾಡ್ಕೋ" ಎಂದು ಕೂಗುವರು. ನಿರುಪಾದಿಗೆ ಬೇಕಾದದ್ದು ಒಂದೇ ಒಂದು. ಯಾರಾದರೂ ತನ್ನನ್ನು ಮಾಸ್ತರ ಎಂದು ಕರೆಯಬೇಕು. ಆ ಪತ್ರ ಸಿಕ್ಕರೆ ಕರೆಯಲೇಬೇಕಾಗುತ್ತಿತ್ತು.

ಅವನ ಜೋಡಿಗಾರ ಮೋದೀನಸಾಬ. ವಯಸ್ಸಿನಲ್ಲಿ ಐದಾರು ವರ್ಷ ದೊಡ್ಡವನು. ನಿರುಪಾದಿ ಅವನನ್ನು ಮೋದೀನಣ್ಣ ಎನ್ನುತ್ತಿದ್ದ. ಬೀಳುವುದರಲ್ಲಿ ಮೋದೀನಸಾಬನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಮೆಟ್ಟಿಲ ಮೇಲಿಂದ ಬೀಳುವನು, ಸಿಂಹಾಸನದ ಸಮೇತ ಬೀಳುವನು, ಎದ್ದು ಧೂಳು ಕೊಡವಿಕೊಂಡು ಚಹಾ ಕೇಳುವನು. ಬೀಳುವವರಿಗೆ ಯಾರೂ ಹಾರ ಹಾಕುವುದಿಲ್ಲ. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. "ನಿನ್ನ ಪತ್ರ ಆಗಲಿ, ಆಮ್ಯಾಲೆ ನಾನೂ ಬೀಳೋದು ಕಲಸೋ ಮಾಸ್ತರ ಆಗತೀನಿ. ಹೊಡಿಯಾಕ ನೀನು, ಬೀಳಾಕ ನಾನು. ಇಬ್ಬರೂ ಕೂಡಿ ಒಂದು ತಾಲೀಮಿನ ಮನಿ ತೆಗಿಯೋಣು," ಎನ್ನುತ್ತಿದ್ದ. ಮೂರು ವರ್ಷ ದಿನಾ ಮುಂಜಾನೆ ಇಬ್ಬರೂ ಎದುರುಬದುರು ನಿಂತರು. ಸಾವಿರಾರು ಏಟು ಬಿದ್ದವು. ಒಂದೂ ತಾಗಲಿಲ್ಲ.

ಪರೀಕ್ಷೆಯ ದಿನ ಬಂತು. ಸಂಘದ ಅಧ್ಯಕ್ಷರೂ ಇನ್ನಿಬ್ಬರು ಹಿರಿಯರೂ ಮುಂದಿನ ಕುರ್ಚಿಗಳಲ್ಲಿ ಕೂತರು. ಹಿಂದೆ ಐದಾರು ಕಂಪನಿಗಳ ಕಲಾವಿದರು ತುಂಬಿಕೊಂಡಿದ್ದರು. ಅಣ್ಣತಮ್ಮಂದಿರ ಕಾಳಗ, ಹನ್ನೆರಡು ಏಟು. ಶುರುವಿಗೆ ಮೊದಲು ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಹೇಳಿದರು: "ನೋಡಪಾ, ಒಂದೇ ಓಟದಾಗ ಮುಗೀಬೇಕು. ನಡುವ ಲಯ ಮುರಿದ್ರ ಮತ್ತ ಮುಂದಿನ ವರ್ಷನ."

ಮುಂದಿನ ವರ್ಷ ಎಂಬ ಮಾತೊಂದೇ ನಿರುಪಾದಿಗೆ ಕೇಳಿತು. ಇನ್ನೊಂದು ವರ್ಷ ಪರದ್ಯಾ ಎನಿಸಿಕೊಳ್ಳುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

ತಬಲಾ ಎದ್ದಿತು. ಮೊದಲ ಏಟು, ಹಲಗೆ ಎರಡು ಸಲ ನಡುಗಿತು, ನಿರುಪಾದಿ ಕತ್ತಿ ಬೀಸಿದ, ಮೋದೀನಸಾಬ ಬಗ್ಗಿದ. ಎರಡು, ಮೂರು, ನಾಲ್ಕು. ಹಿಂದೆ ಯಾರೋ ಸಿಳ್ಳೆ ಹೊಡೆದರು. ಐದು, ಆರು. ಅಧ್ಯಕ್ಷರು ಕುರ್ಚಿಯ ತುದಿಗೆ ಬಂದಿದ್ದರು. ನಿರುಪಾದಿಗೆ ಅದು ಕಂಡಿತು. ಕಾಣಬಾರದಿತ್ತು. ಕಾಳಗದಲ್ಲಿ ಎದುರಾಳಿಯ ಮುಖ ಬಿಟ್ಟು ಬೇರೇನೂ ಕಾಣಬಾರದು.

ಏಳನೆಯ ಏಟಿಗೆ ಕತ್ತಿ ಎತ್ತಿದ. ಅದು ಕಟ್ಟಿಗೆಯದು, ಅಂಚಿಗೆ ತಗಡು ಬಡಿದದ್ದು. ಅಂಗಾಲಿಗೆ ಏನೂ ತಿಳಿಯಲಿಲ್ಲ. ಮೋದೀನಸಾಬ ಹೂಂ ಅನ್ನಲಿಲ್ಲ. ಸುಮ್ಮನೆ ನೆಟ್ಟಗೆ ನಿಂತಿದ್ದ, ಕಣ್ಣು ನಿರುಪಾದಿಯ ಮೇಲೇ ಇತ್ತು.

ಅರ್ಧ ಉಸಿರಿನಷ್ಟು ಹೊತ್ತು. ನಿಂತರೆ ಲಯ ಮುರಿಯುತ್ತದೆ ಎಂದುಕೊಂಡ. ಮರೆತಿರಬೇಕು, ಬಗ್ಗೇ ಬಗ್ಗುತ್ತಾನೆ, ಸಾವಿರ ಸಲ ಬಗ್ಗಿದ್ದಾನಲ್ಲ ಎಂದುಕೊಂಡ. ಇಷ್ಟು ಅಂದುಕೊಳ್ಳುವುದಕ್ಕೆ ಪುರಸೊತ್ತು ಇದ್ದವನಿಗೆ ಕೈ ತಡೆಯುವುದಕ್ಕೂ ಪುರಸೊತ್ತು ಇತ್ತು. ತಡೆಯಲಿಲ್ಲ. ಬೀಸಿದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೋದೀನಸಾಬ ಬಿದ್ದ. ಎಷ್ಟು ಚೆಂದ ಬಿದ್ದ! ಹೇಗೆ ಕಲಿತಿದ್ದನೋ ಹಾಗೇ, ಮೊದಲು ಭುಜ, ಆಮೇಲೆ ಸೊಂಟ, ಸದ್ದಿಲ್ಲದೆ. ಜನ ಚಪ್ಪಾಳೆ ತಟ್ಟಿದರು. ನಿರುಪಾದಿ ಎಂಟನೆಯ ಏಟಿಗೆ ಕತ್ತಿ ಎತ್ತಿ ನಿಂತೇ ಇದ್ದ. ಮೋದೀನಸಾಬ ಏಳಲಿಲ್ಲ. ಮುಖ ಮುಚ್ಚಿದ ಬೆರಳ ಸಂದಿಯಿಂದ ರಕ್ತ ಇಳಿಯತೊಡಗಿದಾಗ ಮೊದಲು ತಬಲಾ ನಿಂತಿತು, ಆಮೇಲೆ ಚಪ್ಪಾಳೆ ನಿಂತಿತು.

ಅವನನ್ನು ಎತ್ತಿಕೊಂಡು ದವಾಖಾನೆಗೆ ಓಡಿದರು. ಉಳಿದವರು ಅಲ್ಲಲ್ಲೇ ನಿಂತಿದ್ದರು. ಅಧ್ಯಕ್ಷರು ರಂಗದ ಮೇಲೆ ಹತ್ತಿ ಬಂದು ಕೇಳಿದರು.

"ಏನಾತೋ? ಹೂಂ ಅಂದಿದ್ನಿಲ್ಲೋ ಅಂವ?"

ನಿರುಪಾದಿ ಎತ್ತಿದ ಕತ್ತಿಯನ್ನು ಕೆಳಗಿಳಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಲ್ಲ ಎಂಬ ಎರಡಕ್ಷರ ಹೇಳಿದ್ದರೆ ಈ ಕಥೆಗೆ ಇಲ್ಲೇ ಮಂಗಳ ಹಾಡಬಹುದಿತ್ತು.

"ಅಂದಿದ್ನರಿ," ಎಂದ. "ಹೂಂ ಅಂದಾ. ಅಂದು ಬಗ್ಗಲಿಲ್ರಿ."

ಹಿಂದೆ ಕೂತಿದ್ದ ಕಲಾವಿದರಲ್ಲಿ ಒಂದು ಗುಸುಗುಸು ಎದ್ದಿತು. ಆ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಹೂಂ ಅಂದು ಬಗ್ಗದವನು ಎಂದರೆ ಎದುರಿನವನ ಕೈಗೆ ಕೊಲೆಯ ಪಾಪ ಅಂಟಿಸುವವನು. ಅಂಥವನ ಜೊತೆ ಯಾರೂ ರಂಗ ಹತ್ತುವುದಿಲ್ಲ.

ಮಾಸ್ತರರು ರಂಗದ ಪಕ್ಕದಲ್ಲೇ ಇದ್ದರು. ಅವರ ಮುಖ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದರು. ನಿರುಪಾದಿ ಅದನ್ನು ನೋಡಿದ. ಮಾಸ್ತರರು ಹಾಗೇ ಬಾಯಿ ಮುಚ್ಚಿಕೊಂಡರು.

ಮೂವರು ಹಿರಿಯರು ತಲೆಗೆ ತಲೆ ಕೂಡಿಸಿ ಮಾತಾಡಿಕೊಂಡರು. ಜೋಡಿಗಾರನ ತಪ್ಪಿಗೆ ಈ ಹುಡುಗನನ್ನು ಶಿಕ್ಷಿಸುವುದು ನ್ಯಾಯವಲ್ಲ, ಆರು ಏಟುಗಳಲ್ಲೇ ಇವನ ಕೈ ಏನೆಂದು ತಿಳಿಯಿತು ಎಂದು ಅಧ್ಯಕ್ಷರು ತೀರ್ಪು ಕೊಟ್ಟು ಸಹಿ ಹಾಕಿದರು. ಪತ್ರವನ್ನು ಮಾಸ್ತರರ ಮುಂದೆ ಹಿಡಿದರು. ಅವರು ಬಹಳ ಹೊತ್ತು ಲೇಖನಿ ಹಿಡಿದು ಕೂತು, ತಲೆ ಎತ್ತದೆ ಎರಡನೆಯ ಗೆರೆಯ ಮೇಲೆ ಹೆಸರು ಬರೆದರು. ಮೂರನೆಯ ಗೆರೆ ಖಾಲಿ ಉಳಿಯಿತು.

ಮೋದೀನಸಾಬನ ಎಡಗಣ್ಣು ಉಳಿಯಲಿಲ್ಲ.

ನಾಲ್ಕನೆಯ ದಿನ ನಿರುಪಾದಿ ಪತ್ರವನ್ನು ರಟ್ಟಿನ ನಡುವೆ ಇಟ್ಟು, ಟವೆಲ್ಲಿನಲ್ಲಿ ಸುತ್ತಿಕೊಂಡು ದವಾಖಾನೆಗೆ ಹೋದ. ನೋಡಲಿಕ್ಕೆ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಬರಿ ನೋಡಲಿಕ್ಕೆ ಹೋಗುವವನಿಗೆ ರಟ್ಟು ಯಾಕೆ ಬೇಕು? ಹೊರಗಿನ ಬೆಂಚಿನ ಮೇಲೆ ಅಡಿವೆಪ್ಪ ಮಾಸ್ತರರು ಕೂತಿದ್ದರು. ಮೂರು ದಿನದಿಂದ ಬಂದು ಅಲ್ಲೇ ಕೂತು, ಒಳಗೆ ಹೋಗದೆ ವಾಪಸು ಹೋಗುತ್ತಿದ್ದರಂತೆ.

"ಕೂಡು," ಎಂದರು. ಕೂತ.

"ಅಂವ ಹೂಂ ಅನ್ನಲಿಲ್ಲ," ಎಂದರು ಮಾಸ್ತರರು.

ನಿರುಪಾದಿ ಟವೆಲ್ಲಿನ ಗಂಟನ್ನು ತೊಡೆಯ ಮೇಲಿಂದ ಪಕ್ಕಕ್ಕೆ ಸರಿಸಿದ.

"ನನಗ ಹ್ಯಾಂಗ ಗೊತ್ತು ಅಂತ ಕೇಳೂದಿಲ್ಲೇನು? ಅನಬ್ಯಾಡ ಅಂತ ನಾನ ಹೇಳಿದ್ದೆ. ಏಳನೇ ಏಟಿಗೆ ಹೂಂ ಅನಬ್ಯಾಡ, ಅಲಗಾಡಬ್ಯಾಡ, ಕಲಸೋ ಯೋಗ್ಯತಾ ಇದ್ದಾಂವ ಇದ್ರ ತಾನಾಗೇ ನಿಲ್ಲತಾನ ಅಂತ. ಪ್ರತಿ ಪರೀಕ್ಷಾದಾಗೂ ಜೋಡಿಗಾರನ ಕಿವಿಯಾಗ ಹಿಂಗ ಹೇಳತಿದ್ದೆ. ಸಂಘದಾವ್ರಿಗೂ ಗೊತ್ತಿಲ್ಲ. ಆರೂ ಮಂದಿ ನಿಂತಿದ್ರು. ಅವರು ನಿಂತ ಕೂಡಲೆ ಜೋಡಿಗಾರ ಹೂಂ ಅಂತಿದ್ದ, ಲಯ ಮುರೀತಿರಲಿಲ್ಲ."

ಆರು ಸಲ ಸುಳ್ಳಾಗದ್ದು ಏಳನೆಯ ಸಲವೂ ಆಗದು ಎಂದು ಈ ದೊಡ್ಡ ಮನುಷ್ಯ ನಂಬಿದ್ದರು. ಶಿಷ್ಯನನ್ನು ತೂಗುವ ತಕ್ಕಡಿಗೆ ಬೇರೊಬ್ಬನ ಮೈಯನ್ನು ಕಲ್ಲಾಗಿ ಇಟ್ಟಿದ್ದೇನೆಂದು ಅವರಿಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

"ಮತ್ತ ಅವತ್ತು ಯಾಕ ಸುಮ್ಮನಾದ್ರಿ?" ಎಂದ ನಿರುಪಾದಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾಚಿಕೆಗೆಟ್ಟ ಒಂದು ನೆಮ್ಮದಿ ಇತ್ತು. ತಪ್ಪಿನಲ್ಲಿ ಅರ್ಧ ಮಾಸ್ತರರದ್ದೂ ಅಂತಾಯಿತಲ್ಲ.

"ನಿನ್ನ ಸುಳ್ಳು ಬಿಚ್ಚಿದ್ರ ನನ್ನದೂ ಬಿಚ್ಚತಿತ್ತಲ್ಲೋ," ಎಂದರು ಮುದುಕರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಆ ನೀರಿಗೆ ಮೂರು ದಿನ ತಡವಾಗಿತ್ತು.

ಮೋದೀನಸಾಬನ ಹೆಂಡತಿ ಮಾಬೂಬಿ ಬಾಗಿಲಿಗೆ ಬಂದಳು. "ಒಳಗ ಬರ್ರಿ. ನಿಮ್ಮಿಬ್ಬರ ದನಿ ಕೇಳಿ ಕರಿಯಾಕತ್ತಾರ," ಎಂದಳು. ಇಬ್ಬರ ಮುಖವನ್ನೂ ಅವಳು ನೋಡಲಿಲ್ಲ.

ಕಬ್ಬಿಣದ ಮಂಚದ ಮೇಲೆ ಮೋದೀನಸಾಬ ಗೋಡೆಗೆ ಒರಗಿ ಕೂತಿದ್ದ. ಅರ್ಧ ಮುಖಕ್ಕೆ ಪಟ್ಟಿ ಸುತ್ತಿದ್ದರು. ಉಳಿದ ಕಣ್ಣು ಮೊದಲು ಮಾಸ್ತರರನ್ನು ನೋಡಿತು, ಆಮೇಲೆ ನಿರುಪಾದಿಯನ್ನು, ಕೊನೆಗೆ ಟವೆಲ್ಲಿನ ಗಂಟನ್ನು.

"ಕಾಗದ ತಂದೀದಿ?"

"ತಂದೀನಿ ಅಣ್ಣಾ."

"ಮಂದಿ ಬಂದು ಏನೇನೋ ಹೇಳತಾರ. ಅದಕ್ಕ ಒಂದು ಮಾತು ಕೇಳತೀನಿ," ಎಂದ ಮೋದೀನಸಾಬ. "ನಾ ಅವತ್ತು ಹೂಂ ಅಂದಿದ್ನೇನು?"

ನಿರುಪಾದಿ ಮಾಸ್ತರರ ಕಡೆ ನೋಡಿದ.

"ಮಾಸ್ತರ್ರ, ನೀವಾರ ಹೇಳ್ರಿ. ಅಂದಿದ್ನೇನು?"

ಮಾಸ್ತರರು ನಿರುಪಾದಿಯ ಕಡೆ ನೋಡಿದರು. ಹೊರಗೆ ಬೆಂಚಿನ ಮೇಲೆ ಇದ್ದ ಸತ್ಯ ಬಾಗಿಲು ದಾಟಿ ಒಳಗೆ ಬರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು. ನೀನು ಹೇಳಿದರೆ ನಾನೂ ಹೇಳುತ್ತೇನೆ ಎಂದು ಇಬ್ಬರೂ ಮನಸ್ಸಿನಲ್ಲಿ ಅಂದುಕೊಂಡರು. ಹೀಗೆ ಕಾಯುವ ಕಡೆ ಸತ್ಯ ಹೊರಬೀಳುವುದಿಲ್ಲ.

ಮೋದೀನಸಾಬ ಒಂದೇ ಕಣ್ಣಿನಿಂದ ಇಬ್ಬರನ್ನೂ ನೋಡಿದ. ಆಮೇಲೆ ಹೊದಿಕೆಯೊಳಗಿಂದ ಕಾಲು ಚಾಚಿ, ಮಂಚದ ಕಬ್ಬಿಣದ ಪಟ್ಟಿಗೆ ಹಿಮ್ಮಡಿಯಿಂದ ಎರಡು ಸಲ ಬಡಿದ. ಟಣ್, ಟಣ್.

"ಈಗ ಅಂದೀನಿ ನೋಡು," ಎಂದ. "ಕೊಡು ಕಾಗದ."

ಬ್ಯಾಡಣ್ಣ ಎಂಬ ಮಾತು ನಿರುಪಾದಿಯ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಅವನ ಕೈ ಆಗಲೇ ಗಂಟು ಬಿಚ್ಚಿ, ರಟ್ಟಿನ ಮೇಲೆ ಪತ್ರವನ್ನು ಒತ್ತಿ ಹಿಡಿದಿತ್ತು. ಮೋದೀನಸಾಬ ಲೇಖನಿ ಇಳಿಸಿದ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಲೇಖನಿ ಮೊದಲು ಗಾಳಿಯಲ್ಲಿ ಬರೆಯಿತು. ಎರಡನೆಯ ಸಲ ಕಾಗದಕ್ಕೆ ತಾಗಿ, ಗೆರೆ ತಪ್ಪಿ ಕೆಳಗೆ ಜಾರಿತು. ಹೆಸರಿನ ಕೊನೆಯ ಅಕ್ಷರ ಅಂಚಿನ ಬಳ್ಳಿಚಿತ್ತಾರದೊಳಗೆ ಹೋಗಿ ನಿಂತಿತು.

ಹೀಗೆ ನಿರುಪಾದಿ ಮಾಸ್ತರನಾದ.

ಅಡಿವೆಪ್ಪ ಮಾಸ್ತರರು ಆ ವಾರವೇ ತಾಲೀಮಿನ ಮನೆಗೆ ಬೀಗ ಹಾಕಿದರು. ಗೋಡೆಯ ಮೇಲಿದ್ದ ತಮ್ಮ ಪತ್ರವನ್ನು ಮುಖ ಗೋಡೆಗೆ ಮಾಡಿ ತಿರುಗಿಸಿಟ್ಟರಂತೆ. ಆಮೇಲೆ ನಾಲ್ಕು ವರ್ಷ ಬದುಕಿದರು. ಕಾಳಗದ ವಿಷಯ ಯಾರು ಎತ್ತಿದರೂ ಎದ್ದು ಒಳಗೆ ಹೋಗುತ್ತಿದ್ದರು.

ಮೋದೀನಸಾಬ ಗಾಯ ಮಾಗಿದ ಮೇಲೆ ಕಂಪನಿಯಿಂದ ಕಂಪನಿಗೆ ಅಲೆದ. ಬೀಳುವುದನ್ನು ಕಲಿಸಲು ಎರಡು ಕಣ್ಣು ಬೇಕಿಲ್ಲ, ಒಂದೂ ಸಾಕು. ಯಾರೂ ಕರೆಯಲಿಲ್ಲ. ಹೋದಲ್ಲೆಲ್ಲ ಅವನಿಗಿಂತ ಮೊದಲೇ, ಹೂಂ ಅಂದು ಬಗ್ಗದವನು ಎಂಬ ಮಾತು ಹೋಗಿರುತ್ತಿತ್ತು. ಕೊನೆಗೆ ಒಂದು ಕಂಪನಿಯವರು ಕನಿಕರಪಟ್ಟು ಪರದೆ ಎಳೆಯುವ ಕೆಲಸ ಕೊಟ್ಟರು. ಈಗ ಜನ ಅವನನ್ನು ಪರದ್ಯಾ ಎನ್ನುತ್ತಿದ್ದರು.

ನಿರುಪಾದಿ ಮಾಸ್ತರನಿಗೆ ಕರೆ ಬರದ ಊರಿರಲಿಲ್ಲ. ಆದರೆ ಒಂದು ವಿಚಿತ್ರವನ್ನು ಶಿಷ್ಯರು ಗಮನಿಸಿದರು. ಶಿಷ್ಯ ಎದುರು ನಿಂತು ಹಿಮ್ಮಡಿ ಬಡಿದರೆ ಮಾಸ್ತರ ಎತ್ತಿದ ಕತ್ತಿ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹಲಗೆಯ ಸದ್ದು ಅವನ ಕಿವಿಗೆ ಕಬ್ಬಿಣವಾಗಿ ಕೇಳುತ್ತಿತ್ತು. ಅದಕ್ಕೆ ಕತ್ತಿಯನ್ನು ಶಿಷ್ಯರ ಕೈಗೇ ಕೊಟ್ಟು ಏಟು ತಿನ್ನಲು ತಾನು ನಿಲ್ಲುತ್ತಿದ್ದ. ಎಂಥ ವಿನಯ ನಮ್ಮ ಮಾಸ್ತರರಿಗೆ ಎಂದು ಅವರು ಹೊಗಳುತ್ತಿದ್ದರು. ಹೊಗಳಿಕೆ ಅವನಿಗೆ ನುಂಗಲಾರದ ಬಿಸಿತುಪ್ಪವಾಗಿತ್ತು. ಹನ್ನೊಂದು ವರ್ಷ ಹೀಗೇ ಕಳೆಯಿತು.

ಒಂದು ದಿನ ದ್ರಾಕ್ಷಾಯಣಿ ಎಂಬ ಶಿಷ್ಯೆ ಗೋಡೆಯ ಮೇಲಿನ ಪತ್ರ ನೋಡುತ್ತ ಕೇಳಿದಳು. "ಮಾಸ್ತರ್ರ, ಈ ಮೂರನೇ ಸಹಿ ಯಾಕ ಗೆರಿ ಬಿಟ್ಟು ಕೆಳಗ ಬಿದ್ದೈತಿ?"

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವನಿಗೆ ಸಾಕಾಗಿತ್ತು. ಎಲ್ಲವನ್ನೂ ಹೇಳಿದ. ಹುಡುಗಿ ಪತ್ರವನ್ನು ಇನ್ನೊಮ್ಮೆ ನೋಡಿದಳು.

"ಇದನ್ನ ಅವರಿಗೆ ಹೇಳೀರೇನ್ರಿ?"

"ಅವನಿಗೆ ಗೊತ್ತೈತಿ."

"ಗೊತ್ತಿರೋದು ಬ್ಯಾರೆ ಆತಲ್ರಿ. ನೀವು ಹೇಳೀರೇನು?"

ಮರುದಿನ ನಿರುಪಾದಿ, ಮೋದೀನಸಾಬನಿದ್ದ ಕಂಪನಿ ಬೀಡುಬಿಟ್ಟ ಊರಿಗೆ ಹೋದ. ಆಟ ಶುರುವಾಗುವುದರಲ್ಲಿತ್ತು. ಮೋದೀನಸಾಬ ರಂಗದ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ. ಗಡ್ಡ ನೆರೆತಿತ್ತು. ಬಂದವನನ್ನು ಗುರುತಿಸಲು ತಲೆಯನ್ನು ಪೂರ್ತಿ ತಿರುಗಿಸಬೇಕಾಯಿತು.

"ಅಣ್ಣಾ," ಎಂದ ನಿರುಪಾದಿ. "ನೀ ಅವತ್ತು ಹೂಂ ಅನ್ನಲಿಲ್ಲ. ನಾ ಸುಳ್ಳು ಹೇಳಿದೆ. ನಾಳೆ ಸಂಘದ ಮುಂದ ಹೋಗಿ ಹೇಳತೀನಿ."

"ಅವತ್ತಿನ ಮೂರು ಮಂದಿಯೊಳಗ ಇಬ್ಬರು ತೀರಿಕೊಂಡ್ರು," ಎಂದ ಮೋದೀನಸಾಬ. "ಇನ್ನೊಬ್ಬರಿಗೆ ಕಿವಿ ಕೇಳೂದಿಲ್ಲ. ಹಿಂದ ಕುಂತು ಕೇಳಿದ್ದ ಮಂದಿ ಎಲ್ಲೆಲ್ಲಿ ಹೋದ್ರೋ. ಯಾರ ಮುಂದ ಹೇಳತಿ?"

ನಿರುಪಾದಿ ಅವನ ಕೈ ಹಿಡಿಯಲು ಹೋದ. ಆ ಕೈ ಹಗ್ಗ ಬಿಡಲಿಲ್ಲ.

"ಕಣ್ಣಿನ ಮಾತು ಬಿಡು. ಅದು ಏಟಿಗೆ ಹೋತು. ಏಟು ಅಂದ ಮ್ಯಾಲೆ ಎಂದಾರ ಒಮ್ಮೆ ತಾಗತೈತಿ, ಬೀಳಾವನಿಗೆ ಅದು ಗೊತ್ತಿರತೈತಿ," ಎಂದ. "ಹೆಸರು ಹೋಗಿದ್ದು ನಿನ್ನ ಮಾತಿಗೆ, ಮಾಸ್ತರ."

ಅವನ ಬಾಯಿಂದ ಮಾಸ್ತರ ಎಂಬ ಮಾತು ನಿರುಪಾದಿ ಕೇಳಿದ್ದು ಅದೇ ಮೊದಲು. ಒಳಗಿನಿಂದ ಯಾರೋ "ಲೇ ಪರದ್ಯಾ, ಎಳಿಯೋ" ಎಂದು ಕೂಗಿದರು. ಇಬ್ಬರೂ ಒಟ್ಟಿಗೇ ತಿರುಗಿ ನೋಡಿದರು. ಮೋದೀನಸಾಬ ಹಗ್ಗ ಎಳೆದ.

ನೀತಿ: ನಂಬಿ ನಿಂತವನಿಗೆ ತಾಗಿದ ಏಟನ್ನು ಕೈತಪ್ಪು ಎನ್ನಬಹುದು. ಅದನ್ನು ಅವನದೇ ತಪ್ಪು ಎಂದು ಹೇಳುವುದಾಗಲಿ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದಾಗಲಿ ಕೈತಪ್ಪಲ್ಲ. ಸತ್ಯವನ್ನು ಅದು ಬೇಕಾದ ದಿನವೇ, ಬೇಕಾದವರ ಮುಂದೆಯೇ ಹೇಳಬೇಕು. ತಡವಾಗಿ ಹೇಳಿದ ಸತ್ಯದಿಂದ ಹೇಳಿದವನ ಎದೆ ಹಗುರಾಗಬಹುದು, ಕಳೆದುಕೊಂಡವನಿಗೆ ಏನೂ ಮರಳಿ ಬರುವುದಿಲ್ಲ.